ಬಡಿಸುವವರೂ ಉಣ್ಣುವವರೂ ಅವರೇ: ಜನಪ್ರತಿನಿಧಿಗಳ ಸಂಬಳ, ಭತ್ಯೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

‘ಶಾಸಕರ ಸಂಬಳ ದುಪ್ಪಟ್ಟು’ ಎಂಬ ತಲೆಬರಹ ಬಂದ ದಿನ ಊರಿನ ಹೋಟೆಲುಗಳಲ್ಲಿ ಕಾಫಿ ಆರುವವರೆಗೂ ಅದೇ ಮಾತು. ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನಲ್ಲಿ ಸಂಬಳ, ಭತ್ಯೆ, ಅನುದಾನ, ಪಿಂಚಣಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕಲಸಿಹೋಗುತ್ತವೆ. ಪರಿಚಿತರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಬಿಡಿಸಿಟ್ಟಿದ್ದೇನೆ. ಕರ್ನಾಟಕದ ಶಾಸಕರನ್ನು ನಡುವೆ ಇಟ್ಟುಕೊಂಡು, ಮೇಲೆ ದೆಹಲಿಯವರೆಗೆ, ಕೆಳಗೆ ಗ್ರಾಮ ಪಂಚಾಯಿತಿಯವರೆಗೆ.

ಶಾಸಕರ ಸಂಬಳವನ್ನು ಶಾಸಕರೇ ನಿಗದಿ ಮಾಡಿಕೊಳ್ಳುತ್ತಾರಂತೆ, ನಿಜವೇ?

ನಿಜ. ಸಂವಿಧಾನದ 195ನೇ ವಿಧಿಯ ಪ್ರಕಾರ ರಾಜ್ಯದ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಸದಸ್ಯರಿಗೆ ಎಷ್ಟು ವೇತನ, ಎಷ್ಟು ಭತ್ಯೆ ಎಂಬುದನ್ನು ಆ ರಾಜ್ಯದ ವಿಧಾನಮಂಡಲವೇ ಕಾನೂನಿನ ಮೂಲಕ ಗೊತ್ತುಪಡಿಸಬೇಕು. ಸಂಸದರಿಗೆ ಇದೇ ಮಾತನ್ನು 106ನೇ ವಿಧಿ ಹೇಳುತ್ತದೆ. ರಾಜ್ಯದ ಸಚಿವರ ಸಂಬಳ 164ನೇ ವಿಧಿಯ ಐದನೇ ಖಂಡದಲ್ಲಿದೆ. ಅದನ್ನು ತೀರ್ಮಾನಿಸುವುದೂ ವಿಧಾನಮಂಡಲವೇ. ನಮ್ಮಲ್ಲಿ ಇದಕ್ಕೆಂದು ಎರಡು ಕಾಯ್ದೆಗಳಿವೆ, ಶಾಸಕರಿಗೊಂದು, ಸಚಿವರಿಗೊಂದು. ಎರಡೂ 1956ರವು. ಆಮೇಲಿನದೆಲ್ಲ ಅವುಗಳಿಗೆ ಹಾಕಿದ ತಿದ್ದುಪಡಿ.

‘ಬಡಿಸುವವರು ನಮ್ಮವರಾದರೆ ಕಡೆಯ ಪಂಕ್ತಿಯಲ್ಲಿ ಕುಳಿತರೇನು’ ಎಂಬ ಗಾದೆ ಇದೆಯಲ್ಲ, ಇಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬಡಿಸುವವರೂ ಉಣ್ಣುವವರೂ ಅವರೇ. ಆದರೂ ಈ ಏರ್ಪಾಡಿಗೆ ಒಂದು ತರ್ಕವಿದೆ. ಸಂಬಳ ಗೊತ್ತುಮಾಡುವ ಅಧಿಕಾರ ಸರ್ಕಾರದ ಕೈಯಲ್ಲಿದ್ದರೆ, ಮುಖ್ಯಮಂತ್ರಿಗೆ ಎದುರಾಡಿದ ಶಾಸಕರ ಭತ್ಯೆಗೆ ಕತ್ತರಿ ಬೀಳಲು ಎಷ್ಟು ಹೊತ್ತು? ಆದ್ದರಿಂದ ಅಧಿಕಾರ ಸದನದ ಕೈಯಲ್ಲಿರಲಿ, ಚರ್ಚೆ ಜನರ ಕಣ್ಣೆದುರಿಗೆ ನಡೆಯಲಿ ಎಂಬುದು ಲೆಕ್ಕಾಚಾರ. ನನ್ನ ತಕರಾರು ಇರುವುದು ಎರಡನೆಯ ಭಾಗದ ಬಗ್ಗೆ. ಅಧಿಕಾರವೇನೋ ಸದನದಲ್ಲಿದೆ, ಚರ್ಚೆ ಎಲ್ಲಿ?

ಸಂಬಳ ಏರಿಸುವ ಮಸೂದೆ ಹೇಗೆ ಅಂಗೀಕಾರವಾಗುತ್ತದೆ?

ಕಾಗದದ ಮೇಲೆ ದಾರಿ ದೊಡ್ಡದು. ಸಂಪುಟ ಒಪ್ಪಬೇಕು. ಸಂಚಿತ ನಿಧಿಯಿಂದ, ಅಂದರೆ ರಾಜ್ಯದ ಬೊಕ್ಕಸದಿಂದ, ಹಣ ಹೋಗುವ ಮಸೂದೆಯಾದ್ದರಿಂದ ರಾಜ್ಯಪಾಲರ ಶಿಫಾರಸು ಬೇಕು. ಮಸೂದೆಯ ಕೊನೆಯಲ್ಲಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಬೊಕ್ಕಸಕ್ಕೆ ಎಷ್ಟು ಹೊರೆ ಎಂದು ಹೇಳುವ ಹಣಕಾಸಿನ ಟಿಪ್ಪಣಿಯೂ ಇರುತ್ತದೆ. ಎರಡೂ ಸದನ ಒಪ್ಪಿ, ರಾಜ್ಯಪಾಲರ ಅಂಕಿತ ಬಿದ್ದು, ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ಅದು ಕಾನೂನು.

ಸದನದೊಳಗೆ ನಡೆಯುವುದು ಬೇರೆ. 2022ರ ಫೆಬ್ರುವರಿಯ ಅಧಿವೇಶನವನ್ನು ನೆನಪಿಸಿಕೊಳ್ಳಿ. ರಾಷ್ಟ್ರಧ್ವಜದ ಬಗ್ಗೆ ಸಚಿವರೊಬ್ಬರು ಆಡಿದ ಮಾತಿಗೆ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಧರಣಿ ಕುಳಿತಿತ್ತು. ಆ ಗದ್ದಲದಲ್ಲೇ ಸಂಬಳದ ಮಸೂದೆಗಳು ಚರ್ಚೆಯಿಲ್ಲದೆ ದಾಟಿದವು. ಮೂರು ವರ್ಷದ ಬಳಿಕ, 2025ರ ಮಾರ್ಚ್ 21ರಂದು, ಪಾತ್ರಗಳು ಅದಲುಬದಲಾಗಿದ್ದವು. ಈಗ ಬಿಜೆಪಿ ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಇಳಿದಿತ್ತು. ಸರ್ಕಾರಿ ಗುತ್ತಿಗೆಗಳಲ್ಲಿನ ಮೀಸಲಾತಿ ಒಂದು ಕಡೆ, ಹನಿಟ್ರ್ಯಾಪ್ ಆರೋಪ ಇನ್ನೊಂದು ಕಡೆ. ಸಭಾಧ್ಯಕ್ಷರ ಪೀಠದತ್ತ ಹರಿದ ಕಾಗದಗಳು ಹಾರಿದವು. ಬಿಜೆಪಿಯ 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ಅದೇ ದಿನ, ಅದೇ ಸದನದಲ್ಲಿ, ಶಾಸಕರ ಮತ್ತು ಸಚಿವರ ಸಂಬಳ ಹೆಚ್ಚಿಸುವ ಎರಡೂ ಮಸೂದೆಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. ಅಮಾನತನ್ನು ಮೇ ತಿಂಗಳಲ್ಲಿ ಹಿಂತೆಗೆದುಕೊಂಡರು.

ಎರಡು ಬೇರೆ ಸರ್ಕಾರ, ಎರಡು ಬೇರೆ ಜಗಳ, ಒಂದೇ ಫಲ. ಗದ್ದಲ ಬೇಕೆಂದೇ ಎಬ್ಬಿಸಿದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಮಾತಂತೂ ನಿಜ: ಗದ್ದಲದ ನಡುವೆ ಪಾಸಾದ ಬೇರೆ ಮಸೂದೆಗಳ ಬಗ್ಗೆ ‘ಪ್ರಜಾಪ್ರಭುತ್ವದ ಕಗ್ಗೊಲೆ’ ಎಂದು ಪತ್ರಿಕಾಗೋಷ್ಠಿ ಕರೆಯುವವರು, ಈ ಮಸೂದೆಯ ಬಗ್ಗೆ ಅಷ್ಟು ದೊಡ್ಡ ದನಿ ತೆಗೆದದ್ದು ಅಪರೂಪ.

ಸರಿ, ಮೊತ್ತ ಎಷ್ಟು?

2022ರ ತಿದ್ದುಪಡಿಯಲ್ಲಿ ಶಾಸಕರ ಮಾಸಿಕ ವೇತನ 25,000 ರೂಪಾಯಿಯಿಂದ 40,000ಕ್ಕೆ, ಸಚಿವರದು 40,000ದಿಂದ 60,000ಕ್ಕೆ, ಮುಖ್ಯಮಂತ್ರಿಯದು 50,000ದಿಂದ 75,000ಕ್ಕೆ ಏರಿತು. 2025ರಲ್ಲಿ ಸದನ ಒಪ್ಪಿದ ಮಸೂದೆಗಳಲ್ಲಿ ಶಾಸಕರಿಗೆ 80,000, ಸಚಿವರಿಗೆ 1.25 ಲಕ್ಷ, ಸಭಾಧ್ಯಕ್ಷರಿಗೂ ಸಭಾಪತಿಗೂ 1.25 ಲಕ್ಷ, ಮುಖ್ಯಮಂತ್ರಿಗೆ 1.5 ಲಕ್ಷ. ವಿಧಾನಸಭೆಯ 224 ಮತ್ತು ಪರಿಷತ್ತಿನ 75 ಸದಸ್ಯರಿಗೆ ಇದು ಅನ್ವಯ. ಇವೆಲ್ಲ ಬರಿಯ ವೇತನದ ಅಂಕಿ. ಭತ್ಯೆಗಳು ಬೇರೆ.

ಮುಖ್ಯಮಂತ್ರಿಯ ಸಂಬಳ ಪ್ರಧಾನಿಯ ಸಂಬಳಕ್ಕಿಂತ ಹೆಚ್ಚಂತೆ?

ಮೂಲ ವೇತನವನ್ನಷ್ಟೇ ಹಿಡಿದರೆ ಹೌದು. ಕೇಂದ್ರ ಸಚಿವರಿಗೆ, ಪ್ರಧಾನಿಗೂ ಸೇರಿದಂತೆ, 1952ರ ಕಾಯ್ದೆಯ ಪ್ರಕಾರ ಸಂಸತ್ ಸದಸ್ಯರಿಗೆ ಎಷ್ಟೋ ಅಷ್ಟೇ ವೇತನ. ಅಂದರೆ 1.24 ಲಕ್ಷ. ಅತಿಥಿಗಳನ್ನು ಸತ್ಕರಿಸಲೆಂದು ಪ್ರಧಾನಿಗೆ ಕೊಡುವ ಆತಿಥ್ಯ ಭತ್ಯೆ 2020ರಲ್ಲಿ ತಿಂಗಳಿಗೆ 3,000 ರೂಪಾಯಿ ಇತ್ತು. ಕೊರೊನಾ ಕಾಲದಲ್ಲಿ ಅದಕ್ಕೂ ಶೇ 30ರಷ್ಟು ಕತ್ತರಿ ಬಿತ್ತು. ಒಂದು ಮದುವೆ ಆರತಕ್ಷತೆಯ ಪಾನಕದ ಖರ್ಚಿಗೂ ಸಾಲದ ಮೊತ್ತ. ಪ್ರಧಾನಿಯ ಮನೆ, ವಾಹನ, ಭದ್ರತೆ, ವಿಮಾನ ಇವು ಯಾವುವೂ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಉನ್ನತ ಹುದ್ದೆಗಳ ಸಂಬಳವನ್ನು ಹೋಲಿಸುವಾಗ ಚೀಟಿಯಲ್ಲಿರುವುದಕ್ಕಿಂತ ಚೀಟಿಯಾಚೆಗೆ ಇರುವುದೇ ದೊಡ್ಡದು.

ಸಂಬಳಕ್ಕೂ ಭತ್ಯೆಗೂ ಏನು ವ್ಯತ್ಯಾಸ? ಎರಡೂ ದುಡ್ಡೇ ತಾನೆ?

ಈ ಪ್ರಶ್ನೆಯಲ್ಲೇ ಇಡೀ ವಿಷಯದ ಗುಟ್ಟಿದೆ.

ಸಂಬಳ ಎಂದರೆ ಹುದ್ದೆಯ ಕೆಲಸಕ್ಕೆ ಕೊಡುವ ಪ್ರತಿಫಲ. ಭತ್ಯೆ ಎಂದರೆ ಆ ಕೆಲಸ ಮಾಡಲು ಕೈಯಿಂದ ಖರ್ಚಾದದ್ದನ್ನು ತುಂಬಿಕೊಡುವುದು. ಬೀದರಿನಿಂದ ಬೆಂಗಳೂರಿಗೆ ಅಧಿವೇಶನಕ್ಕೆ ಬರುವ ಶಾಸಕರ ಪ್ರಯಾಣದ ಖರ್ಚನ್ನು ಅವರ ಜೇಬಿನಿಂದಲೇ ಹಾಕಿಸಿದರೆ, ಬೆಂಗಳೂರಿನ ಶಾಸಕರಿಗೆ ಸಿಗುವ ಸಂಬಳವೇ ಅವರಿಗೆ ಅರ್ಧವಾದಂತೆ. ಆದ್ದರಿಂದ ಪ್ರಯಾಣ ಭತ್ಯೆ, ಅಧಿವೇಶನದ ದಿನಭತ್ಯೆ, ಕ್ಷೇತ್ರ ಸಂಚಾರದ ಭತ್ಯೆ, ದೂರವಾಣಿ ಭತ್ಯೆ, ಅಂಚೆ ವೆಚ್ಚ, ಆಪ್ತ ಸಹಾಯಕರ ವೆಚ್ಚ, ಸಚಿವರಾದರೆ ಮನೆ ಬಾಡಿಗೆ, ಆತಿಥ್ಯ, ಇಂಧನ ಎಂದು ಒಂದೊಂದಕ್ಕೂ ಒಂದು ಬಾಬ್ತು. ತತ್ತ್ವದಲ್ಲಿ ತಪ್ಪಿಲ್ಲ.

ಗಂಟು ಬಿದ್ದಿರುವುದು ಎಲ್ಲಿ ಎಂದರೆ, ಈ ಭತ್ಯೆಗಳಲ್ಲಿ ಬಹುಪಾಲು ಖರ್ಚಾಗಲಿ ಬಿಡಲಿ ಪ್ರತಿ ತಿಂಗಳು ಇಡಿಯಾಗಿ ಬರುವಂಥವು. ಗುಮಾಸ್ತರೊಬ್ಬರು ಹುಬ್ಬಳ್ಳಿಗೆ ಹೋಗಿಬಂದರೆ ಬಸ್ ಟಿಕೆಟ್ ಅಂಟಿಸಿ ಪ್ರಯಾಣ ಭತ್ಯೆಯ ಬಿಲ್ಲು ಬರೆಯಬೇಕು. ಹೊರಟ ವೇಳೆ, ತಲುಪಿದ ವೇಳೆ ನಮೂದಿಸಬೇಕು. ಮೇಲಧಿಕಾರಿ ಅದರಲ್ಲಿ ಹನ್ನೆರಡು ರೂಪಾಯಿಗೆ ಆಕ್ಷೇಪಣೆ ಹಾಕಿ ವಾಪಸ್ ಕಳಿಸಬಹುದು. ಇಡಿಗಂಟಿನ ಮಾಸಿಕ ಭತ್ಯೆಗೆ ಈ ಯಾವ ತಾಪತ್ರಯವೂ ಇಲ್ಲ. ಲ್ಯಾಂಡ್‌ಲೈನ್ ಕಾಲದಲ್ಲಿ ಹುಟ್ಟಿದ ದೂರವಾಣಿ ಭತ್ಯೆ, ಮಿತಿಯಿಲ್ಲದ ಕರೆಯ ಮೊಬೈಲ್ ಯೋಜನೆಗಳು ಬಂದ ಮೇಲೂ ಉಳಿದುಕೊಂಡಿದೆ. ಅಂಚೆ ವೆಚ್ಚವೂ ಇದೆ. ಶಾಸಕರಿಂದ ಕಾಗದ ಬಂದ ಮನೆ ನಿಮ್ಮ ಬೀದಿಯಲ್ಲಿದ್ದರೆ ಹೇಳಿ.

ಸಂಬಳ ಏರಿಸಿದರೆ ಪತ್ರಿಕೆಗಳು ಕೂಗುತ್ತವೆ, ಭತ್ಯೆ ಏರಿಸಿದರೆ ಅಷ್ಟು ಸದ್ದಿಲ್ಲ. ಹಾಗಾಗಿ ಎಷ್ಟೋ ವರ್ಷ ಸಂಬಳವನ್ನು ಕಡಿಮೆಯಲ್ಲೇ ಇಟ್ಟು ಭತ್ಯೆಗಳನ್ನು ಬೆಳೆಸುವ ಪದ್ಧತಿ ಎಲ್ಲ ರಾಜ್ಯಗಳಲ್ಲೂ ಬೇರುಬಿಟ್ಟಿತು. ನನ್ನ ಅಭಿಪ್ರಾಯ ಕೇಳುವುದಾದರೆ: ಸಂಬಳ ಇನ್ನಷ್ಟು ಹೆಚ್ಚಿರಲಿ, ಪೂರ್ತಿ ತೆರಿಗೆಗೆ ಒಳಪಡಲಿ, ಭತ್ಯೆಗೆ ಎಲ್ಲರಂತೆ ರಸೀದಿ ಇರಲಿ.

ಶಾಸಕರಿಗೆ ಬರುವ 2 ಕೋಟಿ ರೂಪಾಯಿ ಕ್ಷೇತ್ರಾಭಿವೃದ್ಧಿ ನಿಧಿಯೂ ಅವರ ಆದಾಯವೇ?

ಅಲ್ಲ. ಅದು ಅವರ ಖಾತೆಗೆ ಬರುವುದೇ ಇಲ್ಲ. ಯಾವ ಊರಿಗೆ ಬಸ್ ತಂಗುದಾಣ, ಯಾವ ಶಾಲೆಗೆ ಕೊಠಡಿ ಎಂದು ಶಾಸಕರು ಸೂಚಿಸುತ್ತಾರೆ. ಹಣ ಬಿಡುಗಡೆ, ಕಾಮಗಾರಿ ಎಲ್ಲ ಜಿಲ್ಲಾಡಳಿತದ ಮೂಲಕ. ಸಂಸದರ 5 ಕೋಟಿಯದೂ ಅದೇ ಕಥೆ. ತಂಗುದಾಣದ ಮೇಲೆ ದಾನಿಗಳೇನೋ ಎಂಬಂತೆ ಹೆಸರು ಬರೆಸಿಕೊಳ್ಳುವುದರಿಂದ ಜನರಿಗೆ ಗೊಂದಲವಾಗುವುದು ಸಹಜ.

ಸಂಸದರ ಸಂಬಳ ಹೇಗೆ ಬೆಳೆಯಿತು?

1954ರ ಕಾಯ್ದೆಯಲ್ಲಿ ತಿಂಗಳಿಗೆ 400 ರೂಪಾಯಿ, ಅಧಿವೇಶನದ ದಿನಕ್ಕೆ 21 ರೂಪಾಯಿ. 1985ರಲ್ಲಿ ವೇತನ 1,000, 1998ರಲ್ಲಿ 4,000, 2001ರಲ್ಲಿ 12,000, 2006ರಲ್ಲಿ 16,000. 2010ರಲ್ಲಿ ಒಂದು ತಮಾಷೆ ನಡೆಯಿತು. ಸಂಸದರ ಸಮಿತಿಯೊಂದು ವೇತನ 80,001 ರೂಪಾಯಿ ಆಗಬೇಕೆಂದು ಶಿಫಾರಸು ಮಾಡಿತು. ಆ ಕೊನೆಯ ಒಂದು ರೂಪಾಯಿ ಏಕೆ? ಭಾರತ ಸರ್ಕಾರದ ಕಾರ್ಯದರ್ಶಿಯ ವೇತನ ಆಗ 80,000 ಇತ್ತು. ಶಿಷ್ಟಾಚಾರದ ಪಟ್ಟಿಯಲ್ಲಿ ಸಂಸದರು ಕಾರ್ಯದರ್ಶಿಗಿಂತ ಮೇಲೆ. ಹಿರಿತನ ತೋರಿಸಲು ಒಂದು ರೂಪಾಯಿ ಸಾಕು! ಸಂಪುಟ ಕೊನೆಗೆ ಒಪ್ಪಿದ್ದು 50,000ಕ್ಕೆ.

2018ರ ಹಣಕಾಸು ಕಾಯ್ದೆ ಈ ಚೌಕಾಸಿಗೆ ಒಂದು ದಾರಿ ಹುಡುಕಿತು. ವೇತನ 1 ಲಕ್ಷ; ಅಲ್ಲಿಂದ ಮುಂದೆ ಐದು ವರ್ಷಕ್ಕೊಮ್ಮೆ, ಆದಾಯ ತೆರಿಗೆಯವರು ಆಸ್ತಿ ಮಾರಾಟದ ಲಾಭ ಲೆಕ್ಕಹಾಕಲು ಬಳಸುವ ಹಣದುಬ್ಬರ ಸೂಚ್ಯಂಕದ ಪ್ರಕಾರ ತನ್ನಷ್ಟಕ್ಕೆ ಪರಿಷ್ಕರಣೆ. ಆ ಸೂಚ್ಯಂಕ 2018-19ರಲ್ಲಿ 280, 2023-24ರಲ್ಲಿ 348. ಕಾಗದ, ಪೆನ್ನು ತೆಗೆದುಕೊಂಡು ನೀವೇ ಭಾಗಿಸಿ ನೋಡಿ: 1 ಲಕ್ಷಕ್ಕೆ 1,24,285 ಬರುತ್ತದೆ. 2025ರ ಮಾರ್ಚ್ 24ರಂದು ಹೊರಟ ಅಧಿಸೂಚನೆಯಲ್ಲಿ ಇರುವುದು 1,24,000. ಕ್ಷೇತ್ರ ಭತ್ಯೆ 70,000ಕ್ಕೆ ಅದೇ ಲೆಕ್ಕ ಹಾಕಿದರೆ ಸರಿಯಾಗಿ 87,000, ಅಧಿಸೂಚನೆಯಲ್ಲೂ ಅದೇ. ದಿನಭತ್ಯೆ 2,000ಕ್ಕೆ 2,485 ಬರುತ್ತದೆ, ಕೊಟ್ಟದ್ದು 2,500. ಹೆಚ್ಚಳ ಜಾರಿಯಾದದ್ದು 2023ರ ಏಪ್ರಿಲ್ 1ರಿಂದ ಪೂರ್ವಾನ್ವಯವಾಗಿ, ಅಂದರೆ ಹಿಂಬಾಕಿ ಸಮೇತ.

ಸೂತ್ರ ಇರುವುದು ಒಳ್ಳೆಯದೇ. 24 ಶೇಕಡಾ ಎಲ್ಲಿಂದ ಬಂತು ಎಂದು ಯಾರು ಕೇಳಿದರೂ ಲೆಕ್ಕ ತೋರಿಸಬಹುದು. ನಮ್ಮ ವಿಧಾನಸೌಧದಲ್ಲಿ 40,000 ಎಂಬುದು 80,000 ಏಕಾಯಿತು, 65,000 ಅಥವಾ 90,000 ಏಕಾಗಲಿಲ್ಲ ಎಂದು ಕೇಳಿದರೆ ತೋರಿಸಲು ಅಂಥ ಭಾಗಾಕಾರವಿಲ್ಲ. ಆದರೆ ಸೂತ್ರಕ್ಕೂ ಒಂದು ಐಬಿದೆ: ಏರಿಕೆ ತನ್ನಷ್ಟಕ್ಕೆ ಆಗುವುದರಿಂದ ಸಂಸತ್ತಿನಲ್ಲಿ ಆ ಬಗ್ಗೆ ಒಬ್ಬರೂ ಎದ್ದು ಮಾತನಾಡಬೇಕಾದ ಪ್ರಮೇಯವೇ ಬರುವುದಿಲ್ಲ.

ರಾಷ್ಟ್ರಪತಿ, ರಾಜ್ಯಪಾಲರು, ನ್ಯಾಯಮೂರ್ತಿಗಳು?

ಇವರ ಮೊತ್ತಗಳನ್ನು ಸಂವಿಧಾನವೇ ತನ್ನ ಎರಡನೇ ಅನುಸೂಚಿಯಲ್ಲಿ ಬರೆದಿಟ್ಟಿತ್ತು. ರಾಷ್ಟ್ರಪತಿಗೆ ತಿಂಗಳಿಗೆ 10,000, ರಾಜ್ಯಪಾಲರಿಗೆ 5,500, ಭಾರತದ ಮುಖ್ಯ ನ್ಯಾಯಮೂರ್ತಿಗೆ 5,000. ಮುಂದೆ ಸಂಸತ್ತು ಕಾನೂನಿನ ಮೂಲಕ ಏರಿಸುತ್ತ ಬಂತು. ಈಗ ರಾಷ್ಟ್ರಪತಿಗೆ 5 ಲಕ್ಷ, ಉಪರಾಷ್ಟ್ರಪತಿಗೆ 4 ಲಕ್ಷ, ರಾಜ್ಯಪಾಲರಿಗೆ 3.5 ಲಕ್ಷ, ಮುಖ್ಯ ನ್ಯಾಯಮೂರ್ತಿಗೆ 2.8 ಲಕ್ಷ, ಸುಪ್ರೀಂ ಕೋರ್ಟಿನ ಇತರ ನ್ಯಾಯಮೂರ್ತಿಗಳಿಗೆ 2.5 ಲಕ್ಷ, ಹೈಕೋರ್ಟ್ ನ್ಯಾಯಮೂರ್ತಿಗಳಿಗೆ 2.25 ಲಕ್ಷ.

ಕೇಂದ್ರದ ಏಳನೇ ವೇತನ ಆಯೋಗ ಜಾರಿಯಾದಾಗ ಒಂದು ವಿಚಿತ್ರ ನಡೆಯಿತು. ಕೇಂದ್ರದ ಅತಿ ಹಿರಿಯ ಅಧಿಕಾರಿಯಾದ ಸಂಪುಟ ಕಾರ್ಯದರ್ಶಿಯ ವೇತನ 2.5 ಲಕ್ಷಕ್ಕೆ ಏರಿತು, ರಾಷ್ಟ್ರಪತಿಯದು 1.5 ಲಕ್ಷದಲ್ಲೇ ನಿಂತಿತ್ತು. ಗಣರಾಜ್ಯದ ಪ್ರಥಮ ಪ್ರಜೆಗೆ ಅಧಿಕಾರಿಗಿಂತ ಒಂದು ಲಕ್ಷ ಕಡಿಮೆ. 2018ರಲ್ಲಿ ಅದನ್ನು ಸರಿಪಡಿಸಿ, 2016ರ ಜನವರಿಯಿಂದ ಅನ್ವಯಿಸಿದರು.

ಇವರಿಗೆ ಶಾಸಕರಿಗಿಲ್ಲದ ಎರಡು ರಕ್ಷಣೆಗಳಿವೆ. ಅಧಿಕಾರಾವಧಿಯಲ್ಲಿ ಸಂಬಳ ಇಳಿಸುವಂತಿಲ್ಲ. ಜೊತೆಗೆ ಇವರ ವೇತನ ಸಂಚಿತ ನಿಧಿಯ ಮೇಲಿನ ‘ಪ್ರಭೃತ’ ವೆಚ್ಚ. ಹೈಕೋರ್ಟ್ ನ್ಯಾಯಮೂರ್ತಿಗಳ, ರಾಜ್ಯಪಾಲರ, ಸಭಾಧ್ಯಕ್ಷರ ಸಂಬಳ ಬಜೆಟ್ ಪುಸ್ತಕದಲ್ಲಿ ಈ ಕಾಲಮ್ಮಿನಲ್ಲಿ ಬರುತ್ತದೆ. ಸದನ ಅದನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಸರ್ಕಾರದ ವಿರುದ್ಧ ತೀರ್ಪು ಕೊಟ್ಟ ನ್ಯಾಯಮೂರ್ತಿಯ ಸಂಬಳವನ್ನು ಮರುದಿನ ಬಹುಮತ ತಡೆಹಿಡಿಯಬಾರದು ಎಂಬ ಮುನ್ನೆಚ್ಚರಿಕೆ.

ವೇತನ ಆಯೋಗ ಜನಪ್ರತಿನಿಧಿಗಳಿಗೂ ಅನ್ವಯವೇ?

ಇಲ್ಲ, ಅದು ಸರ್ಕಾರಿ ನೌಕರರಿಗೆ. ನೌಕರರು ಆಯೋಗಕ್ಕಾಗಿ ವರ್ಷಗಟ್ಟಲೆ ಕಾದು, ವರದಿಗಾಗಿ ಕಾದು, ಜಾರಿಗಾಗಿ ಮುಷ್ಕರದ ನೋಟಿಸು ಕೊಡುತ್ತಾರೆ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದದ್ದು ಇಷ್ಟೆಲ್ಲ ಆದ ಮೇಲೆ.

ಸದನವೇ ನಡೆಯದಿದ್ದರೆ ಸಂಬಳ ಕೊಡಬೇಕೇ?

ಕೊಡಲೇಬೇಕು. ತಿಂಗಳ ಸಂಬಳಕ್ಕೂ ಸದನದ ಕಲಾಪಕ್ಕೂ ಕಾನೂನಿನಲ್ಲಿ ಗಂಟು ಹಾಕಿಲ್ಲ. ದಿನಭತ್ಯೆಗೆ ಮಾತ್ರ ಹಾಜರಿ ಪುಸ್ತಕದಲ್ಲಿ ಸಹಿ ಬೇಕು. ಸಹಿ ಹಾಕಿ, ಐದು ನಿಮಿಷ ಘೋಷಣೆ ಕೂಗಿ, ಕಲಾಪ ಮುಂದೂಡಿದ ಮೇಲೆ ಕ್ಯಾಂಟೀನಿಗೆ ಹೋದರೂ ಆ ದಿನದ ಭತ್ಯೆ ಜಮಾ.

ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟ ಉದಾಹರಣೆ ಇದೆ. 2018ರ ಬಜೆಟ್ ಅಧಿವೇಶನದ ಎರಡನೇ ಭಾಗ ಪೂರ್ತಿ ಕೊಚ್ಚಿಹೋದಾಗ, ಆಗ ಸಂಸದೀಯ ವ್ಯವಹಾರಗಳ ಸಚಿವರಾಗಿದ್ದ ನಮ್ಮ ಬೆಂಗಳೂರು ದಕ್ಷಿಣದ ಅನಂತಕುಮಾರ್ ಅವರು, ಎನ್‌ಡಿಎ ಸಂಸದರು 23 ದಿನಗಳ ಸಂಬಳ, ಭತ್ಯೆ ತೆಗೆದುಕೊಳ್ಳುವುದಿಲ್ಲ ಎಂದು ಘೋಷಿಸಿದರು. ಅವರದೇ ಪಕ್ಷದ ಸುಬ್ರಮಣಿಯನ್ ಸ್ವಾಮಿ, ತಾನು ದಿನವೂ ಸದನಕ್ಕೆ ಹೋಗಿದ್ದೆ, ನಡೆಯದಿದ್ದರೆ ತನ್ನ ತಪ್ಪೇನು ಎಂದು ಒಪ್ಪಲಿಲ್ಲ. ಮೊಂಡುವಾದ ಎನ್ನಿಸಿದರೂ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಗದ್ದಲ ಮಾಡಿದವರು ಯಾರು, ಸುಮ್ಮನೆ ಕುಳಿತವರು ಯಾರು ಎಂದು ವಿಂಗಡಿಸಿ ಸಂಬಳ ಕಡಿಯುವ ಕೆಲಸವನ್ನು ಯಾರಿಗೆ ಒಪ್ಪಿಸುವುದು? ಬಹುಮತಕ್ಕೆ ಒಪ್ಪಿಸಿದರೆ ಅದು ವಿರೋಧ ಪಕ್ಷವನ್ನು ಬಗ್ಗಿಸುವ ಬೆತ್ತವಾಗುತ್ತದೆ.

ಇವರು ಆದಾಯ ತೆರಿಗೆ ಕಟ್ಟುತ್ತಾರೆಯೇ?

ವೇತನಕ್ಕೆ ಕಟ್ಟಬೇಕು. ಶಾಸಕರು, ಸಂಸದರು ಯಾರ ನೌಕರರೂ ಅಲ್ಲವಾದ್ದರಿಂದ ಅವರ ವೇತನವನ್ನು ‘ಇತರ ಮೂಲಗಳ ಆದಾಯ’ ಎಂದು ಎಣಿಸುತ್ತಾರೆ. ದಿನಭತ್ಯೆಗೂ ಕ್ಷೇತ್ರ ಭತ್ಯೆಗೂ ತೆರಿಗೆ ವಿನಾಯಿತಿ ಇದೆ. ಭತ್ಯೆಯ ಮೇಲೆ ಪ್ರೀತಿ ಹೆಚ್ಚಲು ಇದೂ ಒಂದು ಕಾರಣ. ಉತ್ತರ ಪ್ರದೇಶದಲ್ಲಿ 1981ರ ಕಾಯ್ದೆಯೊಂದರ ಪ್ರಕಾರ ಮಂತ್ರಿಗಳ ಆದಾಯ ತೆರಿಗೆಯನ್ನೂ ಸರ್ಕಾರವೇ ಕಟ್ಟುತ್ತಿತ್ತು. ಮಂತ್ರಿಗಳು ಬಡವರು ಎಂಬುದು ಅದಕ್ಕೆ ಕೊಟ್ಟಿದ್ದ ಸಮರ್ಥನೆ. ಸುಮಾರು ನಾಲ್ಕು ದಶಕ ಯಾರ ಕಣ್ಣಿಗೂ ಬೀಳದೆ ನಡೆದುಬಂದು, 2019ರಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ನಿಂತಿತು.

ಒಂದು ಸಲ ಗೆದ್ದರೂ ಜೀವನವಿಡೀ ಪಿಂಚಣಿಯೇ?

ಸಂಸದರಿಗೆ ಪಿಂಚಣಿ ಶುರುವಾದದ್ದು 1976ರಲ್ಲಿ. ಈಗ ಎಷ್ಟು ಅಲ್ಪ ಅವಧಿಗೆ ಸದಸ್ಯರಾಗಿದ್ದರೂ ತಿಂಗಳಿಗೆ 31,000; ಐದು ವರ್ಷ ಮೀರಿದ ಪ್ರತಿ ವರ್ಷಕ್ಕೆ ಇನ್ನೂ 2,500. ಕರ್ನಾಟಕದ ಮಾಜಿ ಶಾಸಕರ ಪಿಂಚಣಿಯನ್ನು 2025ರ ಮಸೂದೆ 50,000ದಿಂದ 75,000ಕ್ಕೆ ಏರಿಸಿತು. ಮಾಜಿ ಸಂಸದರ ಪಿಂಚಣಿಯನ್ನು ಪ್ರಶ್ನಿಸಿ ‘ಲೋಕ್ ಪ್ರಹರಿ’ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2018ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅರ್ಜಿ ವಜಾ ಮಾಡಿತು. ಇದು ಸಂಸತ್ತು ತೀರ್ಮಾನಿಸಬೇಕಾದ ವಿಷಯ ಎಂಬುದು ಅದರ ನಿಲುವು. ಪಂಜಾಬಿನಲ್ಲಿ ಪ್ರತಿ ಅವಧಿಗೂ ಪಿಂಚಣಿ ಸೇರುತ್ತ ಹೋಗುತ್ತಿತ್ತು, ಐದಾರು ಸಲ ಗೆದ್ದವರಿಗೆ ತಿಂಗಳಿಗೆ ಲಕ್ಷಗಟ್ಟಲೆ. 2022ರಲ್ಲಿ ಅಲ್ಲಿನ ಹೊಸ ಸರ್ಕಾರ ಎಷ್ಟು ಸಲ ಗೆದ್ದರೂ ಒಂದೇ ಪಿಂಚಣಿ ಎಂದು ಕಾನೂನು ಮಾಡಿತು. ಶಾಸಕರ ಸವಲತ್ತು ಇಳಿಸಲು ಶಾಸಕರೇ ಕೈ ಎತ್ತಿದ ಅಪರೂಪದ ಪ್ರಸಂಗ.

2004ರ ನಂತರ ಸೇರಿದ ಕೇಂದ್ರ ನೌಕರರಿಗೂ 2006ರ ನಂತರ ಸೇರಿದ ರಾಜ್ಯ ನೌಕರರಿಗೂ ಹಳೆಯ ಪಿಂಚಣಿ ಇಲ್ಲ. ವರ್ಷಗಟ್ಟಲೆ ಪಾಠ ಹೇಳಿದ ಅಂಥ ಮೇಷ್ಟರು ತಮ್ಮ ಸಂಬಳದಿಂದ ಪ್ರತಿ ತಿಂಗಳು ವಂತಿಗೆ ಕಡಿತವಾಗುವುದನ್ನು ನೋಡುತ್ತ, ಟಿವಿಯಲ್ಲಿ ಮಾಜಿ ಶಾಸಕರ ಪಿಂಚಣಿ ಏರಿದ ಸುದ್ದಿ ಕೇಳಿದರೆ ಏನು ಅನ್ನಿಸಬೇಕು?

ಸಂಬಳವೇ ಬೇಡ ಎನ್ನಬಹುದೇ?

ಎನ್ನಬಹುದು, ಕೆಲವರು ಎಂದಿದ್ದಾರೆ. ಜೆ. ಜಯಲಲಿತಾ 1991ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿಯಾದಾಗ ತಿಂಗಳಿಗೆ ಒಂದು ರೂಪಾಯಿ ಸಂಬಳ ಸಾಕೆಂದರು. ಅದೇ 1991ರಿಂದ 96ರ ಅವಧಿಯ ಆಸ್ತಿ ಲೆಕ್ಕ ಮುಂದೆ ಮೊಕದ್ದಮೆಯಾಗಿ, ಚೆನ್ನೈಯಿಂದ ವರ್ಗವಾಗಿ, ನಮ್ಮ ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಬಂದದ್ದು ನಿಮಗೆ ನೆನಪಿರುತ್ತದೆ. ಒಂದು ರೂಪಾಯಿ ಸಂಬಳದ ಘೋಷಣೆ ಕೇಳಿದಾಗಲೆಲ್ಲ ನನಗೆ ಸ್ವಲ್ಪ ಅಂಜಿಕೆಯಾಗುತ್ತದೆ.

ನಿಗಮ, ಮಂಡಳಿಗಳ ಅಧ್ಯಕ್ಷರಾದ ಶಾಸಕರಿಗೆ ಎರಡೆರಡು ಸಂಬಳವೇ?

ಸಚಿವ ಸ್ಥಾನ ಸಿಗದವರಿಗೆ ನಿಗಮ, ಸಂಪುಟ ದರ್ಜೆಯ ಸ್ಥಾನಮಾನ, ಕಾರು. ಇದು ಎಲ್ಲ ಪಕ್ಷಗಳೂ ಬಲ್ಲ ಔಷಧ. ಆದರೆ ಅಲ್ಲೊಂದು ಕಂದಕವಿದೆ, ‘ಲಾಭದಾಯಕ ಹುದ್ದೆ’. ಸರ್ಕಾರದ ಅಡಿಯಲ್ಲಿ ಲಾಭದ ಹುದ್ದೆ ಹಿಡಿದವರು ಶಾಸಕರಾಗಿ ಉಳಿಯುವಂತಿಲ್ಲ ಎಂದು 191ನೇ ವಿಧಿ ಹೇಳುತ್ತದೆ, ಸಂಸದರಿಗೆ 102. 2006ರಲ್ಲಿ ಜಯಾ ಬಚ್ಚನ್ ರಾಜ್ಯಸಭಾ ಸದಸ್ಯತ್ವ ಕಳೆದುಕೊಂಡದ್ದು ಉತ್ತರ ಪ್ರದೇಶದ ಚಲನಚಿತ್ರ ಮಂಡಳಿಯ ಅಧ್ಯಕ್ಷ ಸ್ಥಾನದಿಂದ. ತಾನು ಒಂದು ರೂಪಾಯಿಯನ್ನೂ ಪಡೆದಿಲ್ಲ ಎಂದು ಅವರು ವಾದಿಸಿದರು. ಪಡೆದಿರೋ ಇಲ್ಲವೋ ಮುಖ್ಯವಲ್ಲ, ಹುದ್ದೆಯಿಂದ ಪಡೆಯಲು ಬರುತ್ತಿತ್ತೇ ಎಂಬುದೇ ಮುಖ್ಯ ಎಂದಿತು ಸುಪ್ರೀಂ ಕೋರ್ಟ್.

ಈ ಕಂದಕ ದಾಟಲು ಸೇತುವೆಯನ್ನೂ ಶಾಸನಸಭೆಗಳೇ ಕಟ್ಟಿಕೊಂಡಿವೆ: ಅನರ್ಹತೆ ನಿವಾರಣಾ ಕಾಯ್ದೆಗಳು. ಯಾವ ಯಾವ ಹುದ್ದೆ ಲಾಭದಾಯಕವಲ್ಲ ಎಂಬ ಪಟ್ಟಿಗೆ ಬೇಕೆನಿಸಿದಾಗ ಹೊಸ ಹೆಸರು ಸೇರುತ್ತದೆ. ಮೇಲೆ ಹೇಳಿದ ಸಂಬಳ, ಭತ್ಯೆಗಳ ವ್ಯತ್ಯಾಸ ಇಲ್ಲಿ ಮತ್ತೆ ತಲೆ ಎತ್ತುತ್ತದೆ. ಖರ್ಚು ತುಂಬಿಕೊಡುವ ‘ಪರಿಹಾರ ಭತ್ಯೆ’ಯನ್ನಷ್ಟೇ ಪಡೆದರೆ ಅದು ಲಾಭವಲ್ಲ ಎಂಬ ತತ್ತ್ವ 1959ರ ಕೇಂದ್ರ ಕಾಯ್ದೆಯಲ್ಲೇ ಇದೆ.

ರಾಜಕೀಯ ಸೇವೆಯಲ್ಲವೇ? ಸಂಬಳವೇಕೆ ಕೊಡಬೇಕು?

ಸಂಬಳವಿಲ್ಲದ ಸೇವೆ ಮಾಡಲು ಶಕ್ತರಾದವರು ಯಾರು ಎಂದು ಯೋಚಿಸಿ. ಬ್ರಿಟನ್ನಿನ ಸಂಸದರಿಗೆ 1911ರವರೆಗೂ ಸಂಬಳವಿರಲಿಲ್ಲ. ಜಮೀನ್ದಾರರು, ವಕೀಲರು, ವ್ಯಾಪಾರಿಗಳು ತುಂಬಿದ್ದರು. ಸಂಸದರಿಗೆ ಸಂಬಳ ಕೊಡಿ ಎಂಬುದು 1838ರಲ್ಲಿ ಅಲ್ಲಿನ ಕಾರ್ಮಿಕ ಚಳವಳಿಗಾರರ ಬೇಡಿಕೆಪಟ್ಟಿಯ ಆರರಲ್ಲಿ ಒಂದಾಗಿತ್ತು. ಎಪ್ಪತ್ತು ವರ್ಷ ಕಳೆದ ಮೇಲೆ ವರ್ಷಕ್ಕೆ 400 ಪೌಂಡ್ ಗೊತ್ತಾಯಿತು. ಗಿರಣಿಯ ಕೂಲಿ, ಗಣಿಯ ಕಾರ್ಮಿಕ ಸದನಕ್ಕೆ ಬಂದು ಉಳಿಯಲು ಅದು ಬೇಕಿತ್ತು.

ಬೇರೆ ಕಡೆ ಹೇಗೆ?

ಬ್ರಿಟನ್ನಿನಲ್ಲಿ 2009ರಲ್ಲಿ ಸಂಸದರು ಭತ್ಯೆ ದುರುಪಯೋಗ ಮಾಡಿದ ಹಗರಣ ಸ್ಫೋಟಿಸಿದ ಮೇಲೆ, ಸಂಬಳವನ್ನೂ ಭತ್ಯೆಯನ್ನೂ ತೀರ್ಮಾನಿಸುವ ಅಧಿಕಾರ ಒಂದು ಸ್ವತಂತ್ರ ಪ್ರಾಧಿಕಾರಕ್ಕೆ ಹೋಯಿತು. ಸ್ವತಂತ್ರ ಎಂದರೆ ಕಡಿಮೆ ಎಂದೇನಲ್ಲ: 2015ರಲ್ಲಿ ಪ್ರಧಾನಿ ಕ್ಯಾಮರೂನ್ ಬೇಡವೆಂದರೂ ಅದು ಸಂಬಳವನ್ನು 67,060ರಿಂದ 74,000 ಪೌಂಡಿಗೆ ಏರಿಸಿತು. ಸಿಂಗಪುರದಲ್ಲಿ ಮಂತ್ರಿಗಳ ಸಂಬಳವನ್ನು ದೇಶದ ಅತಿ ಹೆಚ್ಚು ಗಳಿಸುವ ಸಾವಿರ ನಾಗರಿಕರ ಮಧ್ಯಮ ಆದಾಯಕ್ಕೆ ಹೊಂದಿಸಿ, ಸೇವೆ ಎಂಬ ಕಾರಣಕ್ಕೆ ಶೇ 40 ಕಡಿಮೆ ಮಾಡುತ್ತಾರೆ.

ನನಗೆ ಹೆಚ್ಚು ಹಿಡಿಸುವುದು ಅಮೆರಿಕದ 27ನೇ ತಿದ್ದುಪಡಿ. ಸಂಸದರು ತಮ್ಮ ಸಂಬಳ ಬದಲಿಸಬಹುದು, ಆದರೆ ನಡುವೆ ಒಂದು ಚುನಾವಣೆ ನಡೆಯುವವರೆಗೆ ಅದು ಜಾರಿಯಾಗುವಂತಿಲ್ಲ. 1789ರಲ್ಲಿ ಮಂಡನೆಯಾಗಿ ಮೂಲೆಗೆ ಬಿದ್ದಿದ್ದ ಇದನ್ನು 1982ರಲ್ಲಿ ಟೆಕ್ಸಾಸಿನ ವಿದ್ಯಾರ್ಥಿಯೊಬ್ಬ ಕಾಲೇಜಿನ ಪ್ರಬಂಧಕ್ಕಾಗಿ ಹುಡುಕಿ ತೆಗೆದ, ಪ್ರಬಂಧಕ್ಕೆ ‘ಸಿ’ ದರ್ಜೆ ಸಿಕ್ಕಿತು. ಸಿಟ್ಟಿಗೆದ್ದು ರಾಜ್ಯ ರಾಜ್ಯಗಳಿಗೆ ಕಾಗದ ಬರೆದ. 1992ರಲ್ಲಿ ತಿದ್ದುಪಡಿ ಸಂವಿಧಾನದ ಭಾಗವಾಯಿತು, 203 ವರ್ಷಗಳ ಬಳಿಕ. ಹೊಸ ಮೊತ್ತ ಮುಂದಿನ ವಿಧಾನಸಭೆಯಿಂದ ಅನ್ವಯ ಎಂಬ ಒಂದು ಸಾಲನ್ನು ನಮ್ಮ 1956ರ ಕಾಯ್ದೆಗೆ ಸೇರಿಸಿದರೂ ಸಾಕು, ಗದ್ದಲದಲ್ಲಿ ಪಾಸು ಮಾಡುವ ಅವಸರ ಅರ್ಧ ಇಳಿದೀತು.

ಗ್ರಾಮ ಪಂಚಾಯಿತಿ ಸದಸ್ಯರಿಗೆ?

ಅವರಿಗೆ ಸಂಬಳ ಎಂಬ ಪದವೇ ಇಲ್ಲ, ‘ಗೌರವಧನ’. ಅಧ್ಯಕ್ಷರಿಗೆ ತಿಂಗಳಿಗೆ 6,000, ಉಪಾಧ್ಯಕ್ಷರಿಗೆ 4,000, ಸದಸ್ಯರಿಗೆ 2,000. ಇದೂ ಹಿಂದಿದ್ದದ್ದರ ದುಪ್ಪಟ್ಟು. ಇವರ ಮೊತ್ತವನ್ನು ಇವರು ನಿಗದಿ ಮಾಡಿಕೊಳ್ಳುವುದಿಲ್ಲ. ರಾಜ್ಯ ಸರ್ಕಾರದ ಆದೇಶದಿಂದ ಬರಬೇಕು. ಬಡಿಸುವ ಸೌಟು ಇವರ ಕೈಯಲ್ಲಿಲ್ಲ.

ನನಗೆ ಗೊತ್ತಿರುವ ಸದಸ್ಯೆಯೊಬ್ಬರು ಇದ್ದಾರೆ, ಮಹಿಳಾ ಮೀಸಲಿನಲ್ಲಿ ಗೆದ್ದವರು. ಸಾಮಾನ್ಯ ಸಭೆಯ ದಿನ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಕೂಲಿಗೆ ಹೋಗುವುದನ್ನು ತಪ್ಪಿಸಿ, ಹತ್ತೂವರೆಗೆ ಪಂಚಾಯಿತಿ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಕೋರಂ ಆಗುವುದು ಹನ್ನೆರಡಕ್ಕೆ. ಸದಸ್ಯರು ಬರುವವರೆಗೆ ಕಟ್ಟೆಯ ಮೇಲೆಯೇ ಅವರ ಕಚೇರಿ: ಒಬ್ಬಳಿಗೆ ಮನೆಯ ಬಿಲ್ಲು ಬಂದಿಲ್ಲ, ಇನ್ನೊಬ್ಬನಿಗೆ ಬೀದಿದೀಪ, ಮತ್ತೊಬ್ಬ ಮುದುಕಿಯ ಪಿಂಚಣಿ ನಿಂತಿದೆ. ಆ ಮುದುಕಿಯನ್ನು ಕರೆದುಕೊಂಡು ನಾಡಕಚೇರಿಗೆ ಹೋದರೆ ಇಬ್ಬರ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಸದಸ್ಯೆಯದೇ. ‘ನಾನು ಗೆದ್ದ ಮೇಲೆ ನಮ್ಮ ಮನೆಯ ಚಹಾಪುಡಿಯ ಖರ್ಚು ಮೂರು ಪಟ್ಟಾಗಿದೆ ಅಣ್ಣಾ’ ಎಂದು ಒಮ್ಮೆ ನಕ್ಕರು. 2025-26ರಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಅವರ ಗೌರವಧನ ಐದೂವರೆ ದಿನದ ಕೂಲಿಗಿಂತ ಸ್ವಲ್ಪ ಕಡಿಮೆ. ತಿಂಗಳಲ್ಲಿ ಅವರು ಪಂಚಾಯಿತಿ ಕೆಲಸಕ್ಕೆ ಕಳೆಯುವ ದಿನಗಳು ಅದಕ್ಕಿಂತ ಎಷ್ಟೋ ಹೆಚ್ಚು. ದೂರವಾಣಿ ಭತ್ಯೆ ಇಲ್ಲ. ಪಿಂಚಣಿ ಇಲ್ಲ.

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಮಾತು ಎತ್ತುವುದೇ ಬೇಡ. ಅಲ್ಲಿ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ.

ಈ ಲೆಕ್ಕಗಳನ್ನು ನಾನೇ ನೋಡುವುದು ಹೇಗೆ?

1956ರ ಎರಡೂ ಕಾಯ್ದೆಗಳು ತಿದ್ದುಪಡಿಗಳ ಸಮೇತ ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿವೆ. ಹೊಸ ತಿದ್ದುಪಡಿ ರಾಜ್ಯಪತ್ರದಲ್ಲಿ ಬರುತ್ತದೆ. ಓದುವಾಗ ‘ವೇತನ’ ಎಂಬ ಪ್ರಕರಣದಲ್ಲಿ ನಿಲ್ಲಬೇಡಿ, ಕೆಳಗಿನ ಭತ್ಯೆಗಳ ಪ್ರಕರಣಗಳಿಗೆ ಇಳಿಯಿರಿ. ನಿಮ್ಮ ಶಾಸಕರು ಕಳೆದ ವರ್ಷ ಪ್ರಯಾಣ ಭತ್ಯೆ ಎಷ್ಟು ಪಡೆದರು, ವೈದ್ಯಕೀಯ ವೆಚ್ಚ ಎಷ್ಟು ಎಂಬುದು ಬೇಕಿದ್ದರೆ ವಿಧಾನಸಭೆ ಅಥವಾ ವಿಧಾನ ಪರಿಷತ್ತಿನ ಸಚಿವಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಸಾಕು. ಉತ್ತರಕ್ಕೆ 30 ದಿನ. ಅರ್ಜಿಯಲ್ಲಿ ‘ಎಲ್ಲ ವಿವರ ಕೊಡಿ’ ಎಂದು ಬರೆಯಬೇಡಿ. ವರ್ಷ, ಭತ್ಯೆಯ ಹೆಸರು, ಸದಸ್ಯರ ಹೆಸರು ಬಿಡಿಬಿಡಿಯಾಗಿ ಕೇಳಿ. ಸ್ವೀಕೃತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.